ಗೃಹಸ್ಥನು ನದೀಮೂಲವನ್ನು ಕೇಳಲೇಬೇಕು

ನದೀಮೂಲವನ್ನೂ ಋಷಿಮೂಲವನ್ನೂ ವಿಚಾರಿಸಬಾರದೆಂದು ನಮ್ಮಲ್ಲಿ ಒಂದು ಹಳೆಯ ಮಾತುಂಟು. ಋಷಿಗಳ ವಿಷಯದಲ್ಲಿ ಈ ಮಾತನ್ನು ನಾವು ಶಿರಸಾ ವಹಿಸುತ್ತೇವೆ. ಮಹಾತ್ಮರ ಪೂರ್ವೋತ್ತರಗಳನ್ನು ಕೆದಕುವುದರಿಂದ ಯಾರಿಗೂ ಪುರುಷಾರ್ಥವಿಲ್ಲ. ಆದರೆ ಹೊಳೆಯ ದಡದಲ್ಲಿಯೋ, ಕೆರೆಯ ಏರಿಯ ಕೆಳಗೋ, ಹಳ್ಳದ ಮಗ್ಗುಲಲ್ಲಿಯೋ ಮನೆ ಕಟ್ಟಿಕೊಂಡಿರುವ, ಅಥವಾ ಕೊಳ್ಳಬೇಕೆಂದಿರುವ ಗೃಹಸ್ಥನು ನದಿಯ ವಿಷಯದಲ್ಲಿ ಈ ಮಾತನ್ನು ಪಾಲಿಸತಕ್ಕದ್ದಲ್ಲವೆಂದು ಹೇಳದೆ ವಿಧಿಯಿಲ್ಲ. ಕಳೆದ ಸಂಚಿಕೆಯಲ್ಲಿ ನಾವು ಮಳೆಗಾಲಕ್ಕೆ ಮುಂಚಿತವಾಗಿ ಹೆಂಚು ಕೈಯಾಡಿಸುವ ವಿಚಾರವನ್ನು ಬರೆದಿದ್ದೆವು. ಅದು ಮೇಲಿನಿಂದ ಬರುವ ನೀರಿನ ಮಾತಾಯಿತು. ಬಾಗಿಲಿನಿಂದ ಒಳಕ್ಕೆ ಬರುವ ನೀರಿನ ವಿಚಾರವಾಗಿಯೂ ಎರಡು ಮಾತು ಬರೆಯಬೇಕೆಂದು ಕೆಲವರು ವಾಚಕರು ಕೇಳಿದ್ದಾರೆ. ಈ ವಿಷಯದಲ್ಲಿ ನಮಗೆ ಪಾಂಡಿತ್ಯವಿಲ್ಲದಿದ್ದರೂ ಅನುಭವವುಂಟು. ಆ ಅನುಭವಕ್ಕೆ ನಾವು ತೆತ್ತ ಬೆಲೆಯೂ ಅಲ್ಪವಲ್ಲ.

ನಾವು ಹುಟ್ಟಿ ಬೆಳೆದ ಮನೆಯು ನಂಜನಗೂಡಿನಲ್ಲಿ ಕಪಿಲೆಯ ದಡಕ್ಕೆ ಕೂಗಳತೆಯಲ್ಲಿದೆ. ನಮ್ಮ ಬಾಲ್ಯದಲ್ಲಿ ಆ ಮನೆಯ ನಡುಮನೆಯ ಗೋಡೆಯಲ್ಲಿ, ನೆಲದಿಂದ ಸುಮಾರು ಎದೆಮಟ್ಟದ ಎತ್ತರದಲ್ಲಿ, ತುಕ್ಕು ಹಿಡಿದ ಒಂದು ಕಬ್ಬಿಣದ ಮೊಳೆಯಿತ್ತು. ಕಾವೇರಿ ಕಪಿಲೆಗಳೆರಡೂ ಉಕ್ಕಿ ಹರಿದ 1924ನೆಯ ಇಸವಿಯ ಮಹಾಪ್ರವಾಹದಲ್ಲಿ ನೀರು ಎಲ್ಲಿಯವರೆಗೆ ಏರಿತ್ತೆಂಬುದನ್ನು ತೋರಿಸುವುದಕ್ಕಾಗಿ ನಮ್ಮ ತಾತನವರು ಅದನ್ನು ಹೊಡೆದಿದ್ದರು. ನಾವು ಹುಡುಗರು ಅದಕ್ಕೆ ಸ್ಲೇಟಿನ ಚೀಲವನ್ನು ತಗುಲಿಹಾಕುತ್ತಿದ್ದೆವು. 2012ರಲ್ಲಿ ಬ್ಯಾಂಕಿನಿಂದ ಸಾಲ ತಂದು ಮನೆಯನ್ನು ಜೀರ್ಣೋದ್ಧಾರ ಮಾಡಿಸಿದಾಗ, ಗೋಡೆಗೆ ಹೊಸದಾಗಿ ಗಾರೆ ಮಾಡಿಸುತ್ತ, ಅಂದವಾಗಿಲ್ಲವೆಂದು ಆ ಮೊಳೆಯನ್ನು ಕೀಳಿಸಿಹಾಕಿದವರು ನಾವೇ. ನಮ್ಮ ತಾಯಿಯವರು, "ಅದು ಇರಲಿ ಬಿಡಪ್ಪ, ನಿಮ್ಮ ತಾತ ಇಟ್ಟದ್ದು" ಎಂದರು. ಕಬಿನಿಗೆ ಅಣೆಕಟ್ಟೆಯಾದ ಮೇಲೆ ಇನ್ನು ಪ್ರವಾಹದ ಭಯವೆಲ್ಲಿಯದೆಂದು ನಾವು ಅವರಿಗೆ ಸಮಾಧಾನ ಹೇಳಿದೆವು.

ಏಳು ವರ್ಷಗಳು ಕಳೆದುವು. 2019ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಒಂದು ಸಂಜೆ, ನಮ್ಮ ಬೀದಿಯಲ್ಲಿ ಕೊಡೆ ಬಿಚ್ಚುವಷ್ಟು ಮಳೆಯೂ ಇಲ್ಲದಿದ್ದ ಹೊತ್ತಿನಲ್ಲಿ, ಹೊಳೆಯು ಏರತೊಡಗಿತು. ಹದಿನಾರು ಕಾಲಿನ ಮಂಟಪವು ಮುಳುಗಿತು. ಮೈಸೂರಿನ ರಸ್ತೆಯ ಮೇಲೆ ನೀರು ಹರಿದು ವಾಹನಸಂಚಾರವು ನಿಂತಿತು. ಆ ದಿನಗಳಲ್ಲಿ ಕಬಿನಿಯ ಅಣೆಕಟ್ಟೆಯಿಂದ ಸೆಕೆಂಡಿಗೆ ಒಂದು ಲಕ್ಷ ಘನ ಅಡಿಗೂ ಮಿಗಿಲಾದ ನೀರನ್ನು ಬಿಡುತ್ತಿದ್ದರು. ಬೀದಿಯ ತರುಣರು ನಮ್ಮ ತಾಯಿಯವರನ್ನು ಕುರ್ಚಿಯ ಸಮೇತ ಎತ್ತಿಕೊಂಡು ಹೋಗಿ ಎತ್ತರದ ಬೀದಿಯಲ್ಲಿದ್ದ ನೆಂಟರ ಮನೆಗೆ ತಲಪಿಸಿದರು. ಮೂರನೆಯ ದಿನ ನೀರಿಳಿದ ಮೇಲೆ ನಾವು ಬಾಗಿಲು ತೆಗೆದು ನೋಡಲಾಗಿ, ಗೋಡೆಯ ಮೇಲೆ ಕೆಸರಿನ ಗೆರೆಯೊಂದು ಎಳೆದಿಟ್ಟಂತೆ ನಿಂತಿತ್ತು. ತಾತನವರ ಮೊಳೆಯಿದ್ದ ಸ್ಥಳಕ್ಕೂ ಆ ಗೆರೆಗೂ ಎರಡು ಗೇಣಿನ ಅಂತರ ಮಾತ್ರವಿತ್ತು.

ನಷ್ಟವಾದ ಪಾತ್ರೆ ಪದಾರ್ಥಗಳ ಪಟ್ಟಿಯನ್ನು ಇಲ್ಲಿ ಕೊಡುವುದಿಲ್ಲ. ಒಂದನ್ನು ಮಾತ್ರ ಹೇಳುತ್ತೇವೆ. ನಮ್ಮ ತಂದೆಯವರು ಪಾಠಶಾಲೆಯಲ್ಲಿ ಓದುತ್ತಿದ್ದಾಗ ಗುರುಮುಖೇನ ಕೇಳಿ ಬರೆದುಕೊಂಡಿದ್ದ ವ್ಯಾಕರಣಪಾಠದ ಟಿಪ್ಪಣಿಗಳು ಕೆಳಗಿನ ಗೂಡಿನಲ್ಲಿದ್ದುವು. ಮಸಿಯೆಲ್ಲ ಕರಗಿ, ಹಾಳೆಗಳು ಒಂದಕ್ಕೊಂದು ಅಂಟಿಕೊಂಡು, ಆ ಗ್ರಂಥವು ಒಂದು ಇಟ್ಟಿಗೆಯಂತಾಗಿತ್ತು. ಅದನ್ನು ನಾವು ಇಂದಿಗೂ ಎಸೆದಿಲ್ಲ.

ಆಮೇಲೆ ನಮಗೆ ವಿಮೆಯ ನೆನಪಾಯಿತು. ಸಾಲ ಕೊಡುವಾಗ ಬ್ಯಾಂಕಿನವರು ಮನೆಗೆ ವಿಮೆ ಮಾಡಿಸಿದ್ದರು. ಪೆಟ್ಟಿಗೆಯ ತಳದಿಂದ ಆ ಪತ್ರವನ್ನು ತೆಗೆದು ಕನ್ನಡಕ ಹಾಕಿಕೊಂಡು ಓದಿದಾಗ ತಿಳಿದುಬಂದದ್ದೇನೆಂದರೆ, ಬೆಂಕಿ, ಸಿಡಿಲು ಮೊದಲಾದುವುಗಳಿಗೆ ರಕ್ಷಣೆಯಿದ್ದರೂ ಬಿರುಗಾಳಿ, ಪ್ರವಾಹ, ಜಲಾವರಣಗಳ ಭಾಗವನ್ನು ಅದರಿಂದ ತೆಗೆದುಹಾಕಲಾಗಿತ್ತು. ಆ ಕಾಲದ ಅಗ್ನಿವಿಮೆಯ ಪತ್ರಗಳಲ್ಲಿ ಹಾಗೆ ತೆಗೆಯಿಸಿ ಕಂತನ್ನು ತಗ್ಗಿಸಿಕೊಳ್ಳಲು ಅವಕಾಶವಿತ್ತು. ಏಜೆಂಟರು ಕೇಳಿದ್ದರು, ನಾವು ಒಪ್ಪಿದ್ದೆವು. ಕೆಳಗೆ ನಮ್ಮದೇ ರುಜುವಿತ್ತು. ಉಳಿದದ್ದು ಕೆಲವು ನೂರು ರೂಪಾಯಿಗಳು. ಉತ್ತರ ಬರೆಯುವುದಕ್ಕೆ ಮುಂಚೆ ಪ್ರಶ್ನಪತ್ರಿಕೆಯನ್ನು ಕೊನೆಯವರೆಗೆ ಓದಿರೆಂದು ಸಾವಿರಾರು ಮಕ್ಕಳಿಗೆ ಬೋಧಿಸಿದ ಉಪಾಧ್ಯಾಯನು ತನ್ನ ಮನೆಯ ಪತ್ರವನ್ನು ಮಾತ್ರ ಓದಿರಲಿಲ್ಲ. ಆದಕಾರಣ ಮುಂದೆ ಬರೆಯುವುದನ್ನು ವಾಚಕರು ಎಡವಿದವನು ಹಿಂದಿನಿಂದ ಬರುವವರಿಗೆ ಕೂಗಿ ಹೇಳುವ ಮಾತೆಂದು ತಿಳಿಯಬೇಕು.

ಮೊದಲನೆಯದು ನದೀಮೂಲದ ಮಾತು. ಕಪಿಲೆಯ ನೀರು ನಂಜನಗೂಡಿನದಲ್ಲ, ಕೇರಳದ ವಯನಾಡಿನದು. ಅಲ್ಲಿಯ ಮಾನಂತವಾಡಿ, ಪನಮರಂ ಹೊಳೆಗಳು ಕೂಡಿ ಕಬಿನಿಯಾಗಿ ಹೆಗ್ಗಡದೇವನಕೋಟೆಯ ತಾಲ್ಲೂಕಿಗೆ ಇಳಿಯುತ್ತವೆ. ಆದುದರಿಂದ ನಮ್ಮ ಅಂಗಳದ ಆಕಾಶವನ್ನು ನೋಡಿ ನಮ್ಮ ಹೊಳೆಯನ್ನು ಅಳೆಯುವುದು ತಪ್ಪು. ಇನ್ನು ಅಣೆಕಟ್ಟೆಯ ಮೇಲೆ ನಾವಿಟ್ಟಿದ್ದ ಭರವಸೆಯನ್ನು ಒಂದು ಲೆಕ್ಕದಿಂದ ಪರೀಕ್ಷಿಸೋಣ. ಕಬಿನಿ ಜಲಾಶಯವು ಹಿಡಿಯತಕ್ಕ ನೀರು ಸುಮಾರು 19.5 ಟಿ.ಎಂ.ಸಿ., ಎಂದರೆ 1,950 ಕೋಟಿ ಘನ ಅಡಿ. ಸೆಕೆಂಡಿಗೆ ಒಂದು ಲಕ್ಷ ಘನ ಅಡಿಯಂತೆ ನೀರು ಹರಿದುಬಂದರೆ, ದಿವಸಕ್ಕೆ 86,400 ಸೆಕೆಂಡುಗಳಾದುದರಿಂದ, ಒಂದು ದಿನಕ್ಕೆ 864 ಕೋಟಿ ಘನ ಅಡಿಯಾಯಿತು. ಪೂರ್ತಿ ಬರಿದಾದ ಜಲಾಶಯವಾದರೂ ಎರಡೂಕಾಲು ದಿನದಲ್ಲಿ ತುಂಬಿಹೋಗುವುದು. ಆಗಸ್ಟ್ ತಿಂಗಳಿನಲ್ಲಿ ಅದು ಬರಿದಾಗಿಯೂ ಇರುವುದಿಲ್ಲ. ಬೇಸಗೆಯ ಪೈರಿಗಾಗಿ ತುಂಬಿಸಿಟ್ಟಿರುತ್ತಾರೆ. ತುಂಬಿದ ಕೊಡಕ್ಕೆ ಸುರಿದ ನೀರು ಹೊರಕ್ಕೆ ಚೆಲ್ಲದೆ ಮತ್ತೇನಾದೀತು? ಅಣೆಕಟ್ಟೆಯು ಸಣ್ಣ ಪ್ರವಾಹಗಳನ್ನು ತಡೆಯುತ್ತದೆ, ದೊಡ್ಡವನ್ನು ಕೆಲವು ಗಂಟೆಗಳ ಕಾಲ ತಡೆದು ಎಚ್ಚರಿಕೆ ಕೊಡಲು ಅವಕಾಶ ಮಾಡುತ್ತದೆ. ಮಹಾಪ್ರವಾಹವನ್ನು ಇಲ್ಲವೆನಿಸಲು ಅದಕ್ಕೆ ಶಕ್ತಿಯಿಲ್ಲ. ಸಣ್ಣ ಪ್ರವಾಹಗಳು ನಿಂತುಹೋದುದರಿಂದಲೇ ಜನರು ದೊಡ್ಡದನ್ನು ಮರೆತು ತಗ್ಗಿಗೆ ಇಳಿದು ಮನೆ ಕಟ್ಟುವುದೂ ಉಂಟು. ನಾವು ಮೊಳೆ ಕಿತ್ತದ್ದು ಈ ಮರೆವಿನಿಂದಲೇ.

ಎರಡನೆಯದು "ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ" ಎಂಬ ಮಾತಿನ ಅರ್ಥ. ಪತ್ರಿಕೆಗಳಲ್ಲಿ ಇದನ್ನು ಓದಿದ ಗೃಹಸ್ಥನು, ಒಮ್ಮೆ ಬಂದು ಹೋಯಿತಷ್ಟೆ, ಇನ್ನು ಮೊಮ್ಮಕ್ಕಳ ಕಾಲಕ್ಕೆ ನೋಡಿಕೊಳ್ಳೋಣವೆಂದು ನೆಮ್ಮದಿಯಿಂದ ಮಲಗುತ್ತಾನೆ. ಇಂಜಿನಿಯರರ ಅಭಿಪ್ರಾಯವು ಅದಲ್ಲ. ಯಾವ ಒಂದು ವರ್ಷದಲ್ಲಿಯೇ ಆಗಲಿ ಅಂತಹ ಪ್ರವಾಹವು ಬರುವ ಸಂಭವವು ನೂರಕ್ಕೆ ಒಂದು ಎಂಬುದಷ್ಟೇ ಅದರ ಅರ್ಥ. ಈ ವರ್ಷ ಬಂದದ್ದು ಬರುವ ವರ್ಷವೂ ಬರಬಹುದು. 2018ರಲ್ಲಿ ಉಕ್ಕಿದ ಕಪಿಲೆಯು 2019ರಲ್ಲಿ ಮತ್ತೆ ಉಕ್ಕಿದುದನ್ನು ನಾವು ಕಣ್ಣಾರೆ ಕಂಡೆವು. ಈಗ ಲೆಕ್ಕ ಹಾಕಿರಿ. ಒಂದು ವರ್ಷ ಬಾರದಿರುವ ಸಂಭವ ನೂರಕ್ಕೆ 99. ಇದನ್ನು ಮೂವತ್ತು ವರ್ಷಗಳಿಗೆ ಮೂವತ್ತು ಸಲ ಗುಣಿಸಿದರೆ ನೂರಕ್ಕೆ ಸುಮಾರು 74 ಬರುತ್ತದೆ. ಎಂದರೆ ಮನೆಯ ಮಾಲೀಕನಾಗಿ ಮೂವತ್ತು ವರ್ಷ ಬಾಳುವವನು ಆ ಪ್ರವಾಹವನ್ನು ಒಮ್ಮೆಯಾದರೂ ಕಾಣುವ ಸಂಭವ ನೂರಕ್ಕೆ 26; ನಾಲ್ಕು ಮನೆಗಳಲ್ಲಿ ಒಂದು ಎಂದಿಟ್ಟುಕೊಳ್ಳಬಹುದು. ಇಪ್ಪತ್ತೈದು ವರ್ಷಕ್ಕೊಮ್ಮೆ ಬರುವ ಪ್ರವಾಹವೆಂದರೆ ವರ್ಷಕ್ಕೆ ನೂರರಲ್ಲಿ ನಾಲ್ಕು ಪಾಲು. ಮೂವತ್ತು ವರ್ಷಗಳಲ್ಲಿ ಅದನ್ನು ಕಾಣುವ ಸಂಭವವು ನೂರಕ್ಕೆ ಎಪ್ಪತ್ತನ್ನೂ ಮೀರುತ್ತದೆ.

ಈ ಎರಡನೆಯ ಸಂಖ್ಯೆಯನ್ನು ಸುಮ್ಮನೆ ಹೇಳಲಿಲ್ಲ. ಹೊಳೆಯ ಬಯಲನ್ನು ಅಪಾಯದ ತಾರತಮ್ಯಕ್ಕೆ ತಕ್ಕಂತೆ ವಲಯಗಳಾಗಿ ವಿಂಗಡಿಸಿ, ಯಾವ ವಲಯದಲ್ಲಿ ಏನನ್ನು ಕಟ್ಟಬಹುದೆಂದು ಗೊತ್ತುಮಾಡತಕ್ಕ ಒಂದು ಮಾದರಿ ಮಸೂದೆಯನ್ನು 1975ರಲ್ಲಿ ಕೇಂದ್ರ ಸರ್ಕಾರವು ಎಲ್ಲ ರಾಜ್ಯಗಳಿಗೂ ಕಳುಹಿಸಿತು. ಮಣಿಪುರವು 1978ರಲ್ಲಿ, ರಾಜಸ್ಥಾನವು 1990ರಲ್ಲಿ ಅದರಂತೆ ಕಾಯಿದೆ ಮಾಡಿದುವು. ಹಾಗೆ ಮಾಡಿದ ರಾಜ್ಯಗಳು ಬೆರಳೆಣಿಕೆಯಷ್ಟೆ. ಆ ಪದ್ಧತಿಯ ಪ್ರಕಾರ ಕೈಗಾರಿಕೆಗಳೂ ವಿದ್ಯುತ್ತು ಮೊದಲಾದ ಸಾರ್ವಜನಿಕ ಸೌಕರ್ಯಗಳೂ ನೂರು ವರ್ಷದ ಪ್ರವಾಹಮಟ್ಟಕ್ಕಿಂತ ಮೇಲಿರತಕ್ಕದ್ದು. ವಾಸದ ಮನೆಗಳು ಇಪ್ಪತ್ತೈದು ವರ್ಷದ ಮಟ್ಟಕ್ಕಿಂತ ಮೇಲಿದ್ದರೆ ಸಾಕು. ತೀರ ತಗ್ಗಿನ ನೆಲವನ್ನು ಉದ್ಯಾನಕ್ಕೂ ಆಟದ ಬಯಲಿಗೂ ಬಿಡತಕ್ಕದ್ದು. ಎಂದಮೇಲೆ, ಈ ನಿಯಮಕ್ಕೆ ಸರಿಯಾಗಿ ಆ ಗೆರೆಯ ಅಂಚಿನಲ್ಲಿಯೇ ಕಟ್ಟಿದ ಮನೆಗೂ ಮೂವತ್ತು ವರ್ಷಗಳಲ್ಲಿ ನೀರು ಮುಟ್ಟುವ ಸಂಭವವೇ ಹೆಚ್ಚು. ನಕ್ಷೆಯಲ್ಲಿ ಎಳೆದ ಗೆರೆಯನ್ನು ನೀರು ಓದಿಕೊಂಡು ನಿಲ್ಲುವುದಿಲ್ಲ. ಗೆರೆಯ ಆಚೆಗಿದ್ದೇವೆಂಬ ಸಮಾಧಾನಕ್ಕಿಂತ ಗೆರೆಗಿಂತ ಎಷ್ಟು ಎತ್ತರದಲ್ಲಿದ್ದೇವೆಂಬ ವಿಚಾರವು ಗೃಹಸ್ಥನಿಗೆ ಹೆಚ್ಚು ಉಪಯುಕ್ತವಾದುದು.

ನಮ್ಮ ಊರಿನಲ್ಲಿ ಹೊಳೆಯೇ ಇಲ್ಲ, ನಮಗೇಕೆ ಈ ಚಿಂತೆಯೆಂದು ಕೆಲವರು ಕೇಳಬಹುದು. ಬೆಂಗಳೂರಿನಲ್ಲಿಯೂ ದೊಡ್ಡ ನದಿಯಿಲ್ಲ. ಆದರೂ 2022ರ ಆಗಸ್ಟ್ ಅಂತ್ಯದಲ್ಲಿಯೂ ಸೆಪ್ಟೆಂಬರ್ ಮೊದಲಿನಲ್ಲಿಯೂ ಬೆಳ್ಳಂದೂರು, ಸರ್ಜಾಪುರ ರಸ್ತೆಗಳ ಕಡೆ ಶ್ರೀಮಂತರ ಬಂಗಲೆಗಳಿಂದ ಜನರನ್ನು ದೋಣಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಹೊರಕ್ಕೆ ತರಬೇಕಾಯಿತು. ಕಾರಣವು ಗೂಢವಾದುದಲ್ಲ. ನಮ್ಮ ಪೂರ್ವಿಕರು ಅಲ್ಲಿ ಕೆರೆಗಳನ್ನು ಸರಪಣಿಯಂತೆ ಕಟ್ಟಿದ್ದರು. ಮೇಲಿನ ಕೆರೆಯು ತುಂಬಿ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗಬೇಕು. ಬೆಳ್ಳಂದೂರು ಕೆರೆಯ ನೀರು ವರ್ತೂರು ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ಹೋಗುವುದು ಹೀಗೆಯೇ. ಕೆರೆಯಂಗಳವನ್ನೂ ರಾಜಕಾಲುವೆಯನ್ನೂ ಒತ್ತಿ ಕಟ್ಟಡಗಳೆದ್ದರೆ ನೀರು ತನ್ನ ಹಳೆಯ ದಾರಿಯನ್ನು ಮರೆಯದೆ ಅದೇ ಕಟ್ಟಡಗಳ ಒಳಗೆ ಹರಿಯುತ್ತದೆ. ಬೆಂಗಳೂರಿನ 2015ರ ಪರಿಷ್ಕೃತ ಮಹಾಯೋಜನೆಯಲ್ಲಿ ದೊಡ್ಡ ಕಾಲುವೆಯ ನಡುಗೆರೆಯಿಂದ 50 ಮೀಟರು, ಮಧ್ಯಮ ಕಾಲುವೆಗೆ 25 ಮೀಟರು, ಚಿಕ್ಕದಕ್ಕೆ 15 ಮೀಟರು ಜಾಗವನ್ನು ಬಿಡಬೇಕೆಂದು ವಿಧಿಸಿದುದು ಈ ಕಾರಣದಿಂದಲೇ.

ಇತ್ತೀಚೆಗೆ ನಮ್ಮ ಹಳೆಯ ಶಿಷ್ಯನೊಬ್ಬನು ಮೈಸೂರಿನ ಹೊರವಲಯದಲ್ಲಿ ನಿವೇಶನವೊಂದನ್ನು ನೋಡಿ, ಮುಂಗಡ ಕೊಡುವುದಕ್ಕೆ ಮುಂಚೆ ನಮ್ಮನ್ನು ಕರೆದುಕೊಂಡು ಹೋದನು. "ಮೇಷ್ಟ್ರೇ, ಕಾಗದಪತ್ರವೆಲ್ಲ ಶುದ್ಧವಾಗಿದೆ. ಋಣಭಾರ ಪತ್ರವನ್ನು ಮೂವತ್ತು ವರ್ಷಕ್ಕೆ ತೆಗೆಸಿದ್ದೇನೆ. ಅಕ್ಕಪಕ್ಕಕ್ಕಿಂತ ಬೆಲೆಯೂ ಅಗ್ಗ" ಎಂದನು. ಅಗ್ಗವೆಂಬ ಮಾತು ನಮ್ಮ ಕಿವಿಗೆ ಹಿತವಾಗಲಿಲ್ಲ. ನಿವೇಶನದ ಆಚೆಗೆ ಒಬ್ಬ ವೃದ್ಧೆಯು ದನ ಮೇಯಿಸುತ್ತಿದ್ದಳು. "ತಾಯಿ, ಮಳೆಗಾಲದಲ್ಲಿ ಇಲ್ಲಿ ನೀರು ನಿಲ್ಲುತ್ತದೆಯೇ?" ಎಂದು ಕೇಳಿದೆವು. ಆಕೆ ನಕ್ಕು, "ನಿಲ್ಲಾದೆಲ್ಲಿ ಬಂತು ಸ್ವಾಮಿ, ಓಡ್ತದೆ" ಎಂದಳು. ಆಮೇಲೆ ಭೂಮಾಪನ ಇಲಾಖೆಯ ಗ್ರಾಮನಕ್ಷೆಯನ್ನು ತೆಗೆಸಿ ನೋಡಲಾಗಿ, ಬಡಾವಣೆಯ ಬಣ್ಣದ ನಕ್ಷೆಯಲ್ಲಿ ರಸ್ತೆಯೆಂದು ತೋರಿಸಿದ್ದ ಭಾಗವು ಹಳೆಯ ಹಳ್ಳವಾಗಿತ್ತು. ಶಿಷ್ಯನು ಮುಂಗಡ ಕೊಡಲಿಲ್ಲ. ಋಣಭಾರ ಪತ್ರದಲ್ಲಿ ಬ್ಯಾಂಕಿನ ಸಾಲವೂ ದಾಯಾದಿಗಳ ಹಕ್ಕೂ ಕಾಣಬಹುದು. ನೀರಿನ ಹಕ್ಕನ್ನು ಮಾತ್ರ ಯಾವ ಉಪನೋಂದಣಾಧಿಕಾರಿಯೂ ಬರೆದುಕೊಂಡಿರುವುದಿಲ್ಲ.

ಆದುದರಿಂದ ಕೊಳ್ಳುವವನು ಸ್ವತಃ ವಿಚಾರಿಸತಕ್ಕ ಸಂಗತಿಗಳನ್ನು ಕ್ರಮವಾಗಿ ಹೇಳುತ್ತೇವೆ. ನೆರೆಹೊರೆಯ ಹಿರಿಯರನ್ನೂ ಹೆಂಗಸರನ್ನೂ ಕೇಳಬೇಕು. ಮನೆಯಿಂದ ನೀರು ತೋಡಿದವರಿಗೆ ಅದರ ನೆನಪು ಚೆನ್ನಾಗಿರುತ್ತದೆ. ಊರುಕೇರಿಗಳ ಹೆಸರುಗಳನ್ನು ಗಮನಿಸಬೇಕು; ಹಳ್ಳ, ಕೋಡಿ, ಕುಂಟೆ, ಕಟ್ಟೆ ಎಂಬ ಶಬ್ದಗಳು ಸೇರಿರುವ ಹೆಸರುಗಳು ಅಕಾರಣವಾಗಿ ಬಂದವಲ್ಲ. ಗ್ರಾಮನಕ್ಷೆಯಲ್ಲಿ ಹಳ್ಳ, ಕೆರೆ, ಕಾಲುವೆ, ಖರಾಬು ಭೂಮಿಗಳನ್ನು ಹುಡುಕಬೇಕು. ಈಗ ರಾಜ್ಯ ಸರ್ಕಾರದವರ "ದಿಶಾಂಕ್" ಎಂಬ ಆಪ್ ಮೂಲಕ, ನಿಂತ ಸ್ಥಳದಲ್ಲಿಯೇ ಮೊಬೈಲಿನಲ್ಲಿ ಸರ್ವೆ ನಂಬರನ್ನೂ ಅದರ ಸುತ್ತಣ ನಕ್ಷೆಯನ್ನೂ ನೋಡಬಹುದಾಗಿದೆ. ಹಳೆಯ ಗೋಡೆಗಳ ಮೇಲೆ ಕೆಸರಿನ ಗೆರೆಗಳೂ ಉಪ್ಪು ಹಿಡಿದ ಗಾರೆಯೂ ಇವೆಯೇ ಎಂದು ಪರೀಕ್ಷಿಸಬೇಕು. ಸಾಧ್ಯವಾದರೆ ಜಡಿಮಳೆಯ ದಿನವೊಂದರಲ್ಲಿ ಆ ಸ್ಥಳಕ್ಕೆ ಹೋಗಿ ನಿಲ್ಲಬೇಕು. ಬೇಸಗೆಯಲ್ಲಿ ನೋಡಿದ ನಿವೇಶನವು ಅಲಂಕರಿಸಿ ಕೂರಿಸಿದ ವಧುವಿನಂತೆ, ಅದರ ಸ್ವಭಾವವು ಗೊತ್ತಾಗುವುದಿಲ್ಲ. ಮನೆ ಕಟ್ಟುವುದಾದರೆ ಅಡಿಪಾಯದ ಮೇಲಿನ ತಳಮಟ್ಟವು ಹಿಂದಿನ ಅತ್ಯಧಿಕ ನೀರಿನ ಗುರುತಿಗಿಂತ ಎತ್ತರವಾಗಿರಲಿ. ವಿದ್ಯುತ್ತಿನ ಮೀಟರೂ ಮುಖ್ಯ ಸ್ವಿಚ್ಚೂ ಅದಕ್ಕಿಂತ ಮೇಲಿರಲಿ.

ನದೀತೀರದ ವಾಸಿಗಳು ಮೂರು ಮಟ್ಟಗಳನ್ನು ತಿಳಿದಿರಬೇಕು. ಕೇಂದ್ರ ಜಲ ಆಯೋಗದವರು ತಮ್ಮ ಪ್ರವಾಹ ಮುನ್ಸೂಚನಾ ಕೇಂದ್ರಗಳಲ್ಲಿ ನದಿಗೆ ಎಚ್ಚರಿಕೆಯ ಮಟ್ಟ, ಅಪಾಯದ ಮಟ್ಟ, ಹಿಂದೆ ದಾಖಲೆಯಾದ ಅತ್ಯುನ್ನತ ಮಟ್ಟವೆಂದು ಗೊತ್ತುಮಾಡಿರುತ್ತಾರೆ. 2023ರಿಂದ "ಫ್ಲಡ್‌ವಾಚ್ ಇಂಡಿಯಾ" ಎಂಬ ಅವರ ಆಪ್‌ನಲ್ಲಿ ಈ ಮಟ್ಟಗಳನ್ನೂ ಅಂದಂದಿನ ಮುನ್ಸೂಚನೆಯನ್ನೂ ಯಾರಾದರೂ ನೋಡಬಹುದು. ಮೇಲಿನ ಅಣೆಕಟ್ಟೆಯಿಂದ ಎಷ್ಟು ನೀರು ಬಿಟ್ಟರೆಂಬ ಸುದ್ದಿಯನ್ನು ಓದಿದಾಗ, ಕಳೆದ ಬಾರಿ ಅಷ್ಟು ಬಿಟ್ಟಾಗ ನಮ್ಮ ಬೀದಿಯಲ್ಲಿ ನೀರು ಎಲ್ಲಿಗೆ ಬಂದಿತ್ತೆಂಬುದನ್ನು ಮನೆಯ ಪಂಚಾಂಗದಲ್ಲಿ ಬರೆದಿಟ್ಟುಕೊಂಡರೆ ಆ ಸಂಖ್ಯೆಗೆ ಅರ್ಥ ಬರುತ್ತದೆ.

ಇನ್ನು ಹಣದ ವಿಚಾರ. ಪ್ರವಾಹವಾದರೆ ಸರ್ಕಾರವು ಕೊಡುತ್ತದೆಯಲ್ಲವೇ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. 2019ರ ಪ್ರವಾಹದಲ್ಲಿ ಪೂರ್ತಿ ಬಿದ್ದ ಮನೆಗಳಿಗೆ ಕರ್ನಾಟಕ ಸರ್ಕಾರವು 5 ಲಕ್ಷ ರೂಪಾಯಿಗಳನ್ನು ಘೋಷಿಸಿದುದು ನಿಜ, ಸ್ತುತ್ಯವೂ ಹೌದು. ಆದರೆ ಅದು ಆ ವರ್ಷದ ವಿಶೇಷ ನಿರ್ಧಾರ. ವಿಪತ್ತು ಪರಿಹಾರ ನಿಧಿಯಿಂದ ಕೊಡತಕ್ಕ ಮೊತ್ತವು, 2022ರಿಂದ 2026ರವರೆಗಿನ ಅವಧಿಗೆ ಗೊತ್ತುಮಾಡಿದ ನಿಯಮದ ಪ್ರಕಾರ, ಬಯಲುಸೀಮೆಯಲ್ಲಿ ಪೂರ್ತಿ ನಾಶವಾದ ಮನೆಗೆ 1 ಲಕ್ಷ 20 ಸಾವಿರ ರೂಪಾಯಿ. ಇಷ್ಟು ಹಣದಿಂದ ಮನೆಯ ಯಾವ ಭಾಗವು ಏಳುತ್ತದೆಂಬುದನ್ನು ಕಟ್ಟಿಸಿದ ಅನುಭವವುಳ್ಳವರು ಊಹಿಸಿಕೊಳ್ಳಬಹುದು. ಬೀಳದೆ ನಿಂತಿರುವ ಮನೆಯೊಳಗೆ ಹಾಳಾದ ಮಂಚ, ಬೀರು, ಶೀತಕಪೆಟ್ಟಿಗೆಗಳಿಗೆ ಸಿಕ್ಕುವುದು ಇನ್ನೂ ಅಲ್ಪ. ಪರಿಹಾರವು ದಯೆಯಿಂದ ಬರತಕ್ಕದ್ದು, ವಿಮೆಯು ಕರಾರಿನಿಂದ ಬರತಕ್ಕದ್ದು. ಒಂದನ್ನು ಬೇಡಬೇಕು, ಇನ್ನೊಂದನ್ನು ಕೇಳಬಹುದು.

ಈಗ ನಮ್ಮ ದೇಶದಲ್ಲಿ ವಾಸದ ಮನೆಗೆ ದೊರೆಯುವ ವಿಮೆಯು ನಮ್ಮ ಹಳೆಯ ಪತ್ರಕ್ಕಿಂತ ಬಹಳ ಸುಧಾರಿಸಿದೆ. 2021ನೆಯ ಏಪ್ರಿಲ್ 1ರಿಂದ, ವಿಮಾ ನಿಯಂತ್ರಣ ಪ್ರಾಧಿಕಾರದ ಆಜ್ಞೆಯಂತೆ, ಈ ವ್ಯವಹಾರ ಮಾಡುವ ಕಂಪೆನಿಗಳು "ಭಾರತ್ ಗೃಹ ರಕ್ಷಾ" ಎಂಬ ಏಕರೂಪದ ಪಾಲಿಸಿಯನ್ನು ಕೊಡತಕ್ಕದ್ದಾಯಿತು. ಬೆಂಕಿ, ಭೂಕಂಪ, ಬಿರುಗಾಳಿ, ಪ್ರವಾಹ, ಭೂಕುಸಿತ ಇವೆಲ್ಲವೂ ಅದರ ಮೂಲಪಾಠದಲ್ಲಿಯೇ ಸೇರಿವೆ. ಒಂದೇ ಸಲ ಹತ್ತು ವರ್ಷಗಳವರೆಗೂ ಮಾಡಿಸಬಹುದು. ಇದರಲ್ಲಿ ಗೃಹಸ್ಥನು ತಿಳಿಯತಕ್ಕ ಮುಖ್ಯಾಂಶಗಳು ಇವು.

ವಿಮೆಯ ಮೊತ್ತವನ್ನು ಮಾರಾಟದ ಬೆಲೆಯಿಂದ ಲೆಕ್ಕ ಹಾಕತಕ್ಕದ್ದಲ್ಲ. ಮತ್ತೆ ಕಟ್ಟಿಸಲು ತಗಲುವ ವೆಚ್ಚದಿಂದ ಹಾಕತಕ್ಕದ್ದು. ನಿವೇಶನದ ಬೆಲೆ ಇದರಲ್ಲಿ ಸೇರುವುದಿಲ್ಲ. ದೃಷ್ಟಾಂತಕ್ಕೆ, 1,000 ಚದರ ಅಡಿಯ ಮನೆಗೆ ಚದರ ಅಡಿಗೆ 2,000 ರೂಪಾಯಿಯಂತೆ ಕಟ್ಟಡದ ಮೊತ್ತ 20 ಲಕ್ಷ. ಮನೆಯೊಳಗಿನ ಸಾಮಾನಿಗೆ ಕಟ್ಟಡದ ಮೊತ್ತದ ನೂರಕ್ಕೆ 20ರಷ್ಟು, 10 ಲಕ್ಷಕ್ಕೆ ಮೀರದಂತೆ, ತಾನಾಗಿಯೇ ರಕ್ಷಣೆ ದೊರೆಯುತ್ತದೆ. ಮೇಲಣ ದೃಷ್ಟಾಂತದಲ್ಲಿ ಅದು 4 ಲಕ್ಷ. ಅದಕ್ಕಿಂತ ಹೆಚ್ಚು ಬೇಕಾದವರು ಸಾಮಾನಿನ ಪಟ್ಟಿ ಕೊಟ್ಟು ಹೆಚ್ಚಿಸಿಕೊಳ್ಳಬೇಕು. ಚಿನ್ನದೊಡವೆ ಬೆಳ್ಳಿಪಾತ್ರೆಗಳಿಗೆ ಬೇರೆಯಾಗಿ ಕೇಳಿ ಸೇರಿಸಬೇಕು. ಮನೆಯು ವಾಸಕ್ಕೆ ಯೋಗ್ಯವಾಗದಿದ್ದಾಗ ಬೇರೆಡೆ ಇರಲು ಕೊಡುವ ಬಾಡಿಗೆಗೂ ಅವಕಾಶವಿದೆ. ಮತ್ತೊಂದು ಸಂಗತಿಯನ್ನು ನದೀತೀರದವರು ವಿಶೇಷವಾಗಿ ಗಮನಿಸಬೇಕು: ಪ್ರವಾಹಾದಿಗಳು ಸಂಭವಿಸಿದ ಏಳು ದಿನಗಳೊಳಗೆ ಅದರ ನಿಮಿತ್ತದಿಂದ ಆದ ಕಳ್ಳತನಕ್ಕೂ ಈ ಪಾಲಿಸಿಯಲ್ಲಿ ರಕ್ಷಣೆಯಿದೆ. ಕಳ್ಳರ ಭಯದಿಂದ ಮನೆ ಬಿಟ್ಟು ಕದಲದೆ, ಅಟ್ಟವನ್ನೇರಿ ಕುಳಿತು ಪ್ರಾಣಕ್ಕೆ ಅಪಾಯ ತಂದುಕೊಂಡವರನ್ನು ನಾವು ಬಲ್ಲೆವು. ಅಂಥವರಿಗೆ ಈ ಒಂದು ಸಾಲು ಧೈರ್ಯ ಕೊಡಬೇಕು.

ಈ ಪಾಲಿಸಿಯು ಕೊಡದಿರುವುದನ್ನೂ ಹೇಳಬೇಕು. ನಗದು ಹಣ, ವಾಹನ, ದಸ್ತಾವೇಜುಗಳು, ಹಸ್ತಪ್ರತಿಗಳು ಸಾಮಾನ್ಯವಾಗಿ ಇದರಲ್ಲಿ ಸೇರುವುದಿಲ್ಲ. ಕೊನೆಯ ಶಬ್ದವನ್ನು ಓದಿದಾಗ ನಮ್ಮ ಮನಸ್ಸು ಒಂದು ಕ್ಷಣ ನಿಂತಿತು. ನಮ್ಮ ತಂದೆಯವರ ಟಿಪ್ಪಣಿಗಳಿಗೆ ಅಂದು ಪೂರ್ಣವಾದ ಪಾಲಿಸಿಯಿದ್ದರೂ ಏನೂ ಬರುತ್ತಿರಲಿಲ್ಲ. ಬಂದಿದ್ದರೂ ಆ ಹಣದಿಂದ ಏನನ್ನು ಕೊಳ್ಳುವುದು? ಹೀಗೆ ವಿಮೆಗೆ ಸಿಕ್ಕದ ವಸ್ತುಗಳು ಪ್ರತಿ ಮನೆಯಲ್ಲಿಯೂ ಇರುತ್ತವೆ. ಅವಕ್ಕೆ ಉಪಾಯವೊಂದೇ: ಎತ್ತರದಲ್ಲಿಡುವುದು, ಮೊಬೈಲಿನಲ್ಲಿ ಚಿತ್ರ ತೆಗೆದು ಇನ್ನೊಂದು ಊರಿನಲ್ಲಿರುವ ಮಕ್ಕಳಿಗೆ ಕಳುಹಿಸುವುದು. ಮನೆಯ ಕ್ರಯಪತ್ರ, ಮಕ್ಕಳ ಪ್ರಮಾಣಪತ್ರಗಳಿಗೂ ಇದೇ ನ್ಯಾಯ.

ನಮ್ಮ ವಾಚಕರಲ್ಲಿ ಅನೇಕರ ಮಕ್ಕಳು ಅಮೆರಿಕೆಯಲ್ಲಿ ಮನೆ ಮಾಡಿದ್ದಾರೆ. ಅಲ್ಲಿಯ ಕ್ರಮವು ಬೇರೆ. ಅಲ್ಲಿ ಸಾಧಾರಣವಾದ ಗೃಹವಿಮೆಯಲ್ಲಿ ಪ್ರವಾಹವು ಸೇರಿರುವುದಿಲ್ಲ. 1968ರಲ್ಲಿ ಸರ್ಕಾರವು ಏರ್ಪಡಿಸಿದ ರಾಷ್ಟ್ರೀಯ ಪ್ರವಾಹವಿಮೆಯನ್ನೋ ಖಾಸಗಿ ಕಂಪೆನಿಯದನ್ನೋ ಬೇರೆಯಾಗಿ ಕೊಳ್ಳಬೇಕು. ಅಪಾಯದ ವಲಯಗಳನ್ನು ನಕ್ಷೆಗಳಲ್ಲಿ ಗುರುತಿಸಿದ್ದಾರೆ; ಹೆಚ್ಚಿನ ಅಪಾಯದ ವಲಯದಲ್ಲಿ ಬ್ಯಾಂಕಿನ ಸಾಲ ಪಡೆದವರಿಗೆ ಈ ವಿಮೆಯು ಕಡ್ಡಾಯ. ಸರ್ಕಾರದ ಆ ವಿಮೆಯು ಸಾಮಾನ್ಯವಾಗಿ ಕೊಂಡ ಮೂವತ್ತು ದಿನಗಳ ಮೇಲೆಯೇ ಜಾರಿಗೆ ಬರುವುದರಿಂದ, ಬಿರುಗಾಳಿಯ ಸುದ್ದಿ ಬಂದ ಮೇಲೆ ಓಡುವುದು ವ್ಯರ್ಥ. 2017ರ ಆಗಸ್ಟಿನಲ್ಲಿ ಹ್ಯೂಸ್ಟನ್ ನಗರವು ಮುಳುಗಿದಾಗ ನಕ್ಷೆಯ ಅಪಾಯವಲಯದ ಹೊರಗಿದ್ದ ಅನೇಕ ಮನೆಗಳಿಗೂ ನೀರು ನುಗ್ಗಿತು. ಕಡ್ಡಾಯವಿಲ್ಲವೆಂದು ವಿಮೆ ಮಾಡಿಸದಿದ್ದವರು ಕೈ ಹಿಸುಕಿಕೊಂಡರು. ಆ ದೇಶದಲ್ಲಿ ಮಗನೋ ಮಗಳೋ ಮನೆ ಕೊಳ್ಳುವುದಾಗಿ ಬರೆದರೆ, ಗೃಹಪ್ರವೇಶದ ಮುಹೂರ್ತದ ಜೊತೆಗೆ ಈ ಪ್ರಶ್ನೆಯನ್ನೂ ಕೇಳತಕ್ಕದ್ದು.

ಪ್ರವಾಹವು ಬಂದು ಹೋದ ಮೇಲೆ ಮಾಡತಕ್ಕ ಕಾರ್ಯಗಳನ್ನು ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇವೆ. ನೀರು ಒಳಕ್ಕೆ ಬರುವ ಮುನ್ನವೇ ವಿದ್ಯುತ್ತಿನ ಮುಖ್ಯ ಸ್ವಿಚ್ಚನ್ನು ಆರಿಸಬೇಕು; ಇಳಿದ ಮೇಲೆ ತಿಳಿದವರಿಂದ ಪರೀಕ್ಷೆ ಮಾಡಿಸದೆ ಹಾಕಬಾರದು. ಕೆಸರನ್ನು ತೊಳೆಯುವುದಕ್ಕೆ ಮುಂಚೆ ಗೋಡೆಯ ಗೆರೆಯನ್ನೂ ಹಾಳಾದ ಪ್ರತಿಯೊಂದು ವಸ್ತುವನ್ನೂ ಚಿತ್ರ ತೆಗೆಯಬೇಕು. ವಿಮಾ ಕಂಪೆನಿಗೆ ತಡಮಾಡದೆ ಬರಹದ ಮೂಲಕ ತಿಳಿಸಿ, ಅವರ ಸಮೀಕ್ಷಕರು ಬಂದು ನೋಡುವವರೆಗೆ ಹಾಳಾದ ಸಾಮಾನನ್ನು ಎಸೆಯದೆ ಒಂದು ಕಡೆ ಕೂಡಿಡಬೇಕು. ಬಾವಿಯ ನೀರನ್ನು ಬ್ಲೀಚಿಂಗ್ ಪುಡಿಯಿಂದ ಶುದ್ಧಿಮಾಡಿಸಿ ಕಾಯಿಸಿ ಕುಡಿಯಬೇಕು. ಕಂಪೆನಿಯವರು ಅನ್ಯಾಯವಾಗಿ ನಿರಾಕರಿಸಿದರೆ ಮೊದಲು ಅವರಿಗೇ ಲಿಖಿತ ದೂರು ಕೊಡಬೇಕು; ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರವು ತೃಪ್ತಿಕರವಲ್ಲದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರಿಗೆ ಅರ್ಜಿ ಹಾಕಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ.

ಇವೆಲ್ಲಕ್ಕೂ ಮೊದಲಿನ ಕಾರ್ಯವೊಂದುಂಟು. ಮನೆಯಲ್ಲಿ ಈಗಾಗಲೇ ಇರುವ ಪಾಲಿಸಿಯನ್ನು ಈ ಭಾನುವಾರ ಹೊರಕ್ಕೆ ತೆಗೆದು, ಮನೆಯವರೆಲ್ಲರನ್ನೂ ಕೂರಿಸಿಕೊಂಡು, ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿರಿ. ಸಾಲದ ಜೊತೆಗೆ ಬಂದದ್ದಾದರೆ ಅದು ಮನೆಯ ವಿಮೆಯೋ ಸಾಲಗಾರನ ಜೀವವಿಮೆಯೋ ಎಂದು ನೋಡಿರಿ. ಪ್ರವಾಹವೆಂಬ ಶಬ್ದವು ರಕ್ಷಣೆಯ ಪಟ್ಟಿಯಲ್ಲಿದೆಯೋ ತೆಗೆದುಹಾಕಿದ ಪಟ್ಟಿಯಲ್ಲಿದೆಯೋ ನೋಡಿರಿ. ವಾಯಿದೆ ಮುಗಿದಿದೆಯೋ ನೋಡಿರಿ. ಬಾಯಾರಿದಾಗ ಬಾವಿ ತೋಡುವುದು ಎಂಬ ಗಾದೆಯನ್ನು ನಾವು ಮಕ್ಕಳಿಗೆ ವಿಸ್ತರಿಸಿ ಬರೆಯಲು ಎಷ್ಟೋ ಸಲ ಕೊಟ್ಟಿದ್ದೇವೆ. ಮನೆ ಮುಳುಗಿದಾಗ ಪತ್ರವನ್ನು ಓದುವುದು ಅದಕ್ಕಿಂತ ಕೇಡೆಂಬುದು ನಮಗೆ ಐವತ್ತು ದಾಟಿದ ಮೇಲೆ ತಿಳಿಯಿತು.

ನಮ್ಮ ತಾಯಿಯವರು ಇಂದು ಇಲ್ಲ. ಅವರು ಇದ್ದಾಗಲೇ, ಗೋಡೆಗೆ ಮತ್ತೆ ಸುಣ್ಣ ಹೊಡೆಸುವ ಮುನ್ನ, ನಾವು ಎರಡು ಮೊಳೆಗಳನ್ನು ಹೊಡೆಸಿದೆವು. ಮೇಲಿನದರ ಪಕ್ಕದಲ್ಲಿ 1924 ಎಂದೂ, ಕೆಳಗಿನದರ ಪಕ್ಕದಲ್ಲಿ 2019 ಎಂದೂ ಬಣ್ಣದಿಂದ ಬರೆಯಿಸಿದ್ದೇವೆ. 2024ರ ಜುಲೈ ಅಂತ್ಯದಲ್ಲಿ ವಯನಾಡಿನಲ್ಲಿ ಗುಡ್ಡಗಳು ಕುಸಿದು ಕಬಿನಿಯು ಮತ್ತೆ ತುಂಬಿ ಹರಿದಾಗ, ಮೊಮ್ಮಗಳು ಆ ಮೊಳೆಗಳನ್ನು ತೋರಿಸಿ, "ತಾತ, ಈ ಸಲ ಎಲ್ಲಿಗೆ ಬರುತ್ತೆ?" ಎಂದು ಕೇಳಿದಳು. ಆ ಸಲ ನೀರು ನಮ್ಮ ಹೊಸಲನ್ನು ದಾಟಲಿಲ್ಲ. ಆದರೆ ಅವಳ ಪ್ರಶ್ನೆಯನ್ನು ಕೇಳಿದೊಡನೆ ನಾವು ಮಾಡಿದ ಮೊದಲ ಕೆಲಸವೆಂದರೆ, ಕೆಳಗಿನ ಗೂಡಿನಲ್ಲಿದ್ದ ಪುಸ್ತಕಗಳನ್ನೆಲ್ಲ ಅಟ್ಟಕ್ಕೆ ಸಾಗಿಸಿದುದು. ಅವಳೂ ಎರಡೆರಡಾಗಿ ಹೊತ್ತಳು.